ಹತ್ತು ಮಾರು ಬಾವಿ, ಆರು ತಂಬಿಗೆ ಮಾತು

ಅಂಜೂರ ಹಣ್ಣಾಗಿ ಬಿರಿಯುವ ಕಾಲ. ಸುಡುಬಿಸಿಲು ತರುವ ನಾಯಿನಕ್ಷತ್ರ ಹುಟ್ಟಿ ಹದಿನೈದು ದಿನವಾಗಿತ್ತು. ಬೆಳಗಿನ ಬಿಸಿಲೇ ಬೆನ್ನಿಗೆ ಚುರುಗುಟ್ಟುವ ಹೊತ್ತಿನಲ್ಲಿ ನಮ್ಮೂರು ಸ್ಫೆಟ್ಟೋಸಿನ ಸ್ಮಿಕ್ರಿಯಾಸ್ ಎಂದಿನಂತೆ ಕೊಡ ಹೊತ್ತು ಪಕ್ಕದ ಹೊಲದ ಬಾವಿಗೆ ಹೋದ. ಬಾವಿಯ ಬಾಯಿಗೆ ಕಲ್ಲು ಚಪ್ಪಡಿ ಬಿದ್ದಿತ್ತು. ಚಪ್ಪಡಿಯ ಮೇಲೆ ಆ ಹೊಲದ ಒಡೆಯ ಲೈಕಿಸ್ಕೋಸ್ ಕೂತು ಅಂಜೂರ ತಿನ್ನುತ್ತಿದ್ದ.

"ಇವತ್ತಿಂದ ನೀರಿಲ್ಲ ಮಾವಾ."

"ಯಾಕಪ್ಪಾ, ಹಗ್ಗ ಹರೀತಾ?"

"ಹಗ್ಗ ಗಟ್ಟಿಯಾಗೇ ಐತೆ. ನಿನ್ನೆ ಅದೇ ಹಗ್ಗಾನ ನಿನ್ನ ಒಣಬಾವಿಗೆ ಬಿಟ್ಟು ನೋಡ್ದೆ. ಎಂಟು ಮಾರು. ಕಾನೂನು ಎಷ್ಟು ಅಂತೈತೆ? ಹತ್ತು."

ಅಥೆನ್ಸ್ ಪಟ್ಟಣದ ಸುತ್ತಲ ಅಟ್ಟಿಕಾದ ನೆಲದಲ್ಲಿ ಹೊಳೆ ಕಡಿಮೆ, ಬಾವಿಯೇ ಗತಿ. ಅದಕ್ಕೇ ಹಿಂದಿನವರು ಒಂದು ಕಾನೂನು ಮಾಡಿಟ್ಟಿದ್ದರು. ತನ್ನ ನೆಲದಲ್ಲಿ ಹತ್ತು ಮಾರು ತೋಡಿಯೂ ನೀರು ಕಾಣದವನು ನೆರೆಯವನ ಬಾವಿಯಿಂದ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಸೇದಿಕೊಳ್ಳಬಹುದು. ಕೊಡ ಆರು ತಂಬಿಗೆಯದು, ಅದಕ್ಕಿಂತ ದೊಡ್ಡದಾಗಿರಕೂಡದು. ಮೈಗಳ್ಳನಿಗೆ ನೀರಿಲ್ಲ, ಮೈಮುರಿದು ತೋಡಿ ಸೋತವನಿಗೆ ಇಲ್ಲವೆನ್ನುವಂತಿಲ್ಲ.

ಸ್ಮಿಕ್ರಿಯಾಸ್ ಮೈಮುರಿದವನೇ. ಇಪ್ಪತ್ತಾರು ವರ್ಷದ ಹಿಂದೆ ಎರಡು ಚಳಿಗಾಲ ಒಬ್ಬನೇ ಕೆಳಗೆ ಅಗೆದಿದ್ದ, ಮೇಲೆ ಹೆಂಡತಿ ನಿಕರೆತೆ ಮಣ್ಣಿನ ಬುಟ್ಟಿ ಎಳೆದಿದ್ದಳು. ಕಡೆಯ ಎರಡು ಮಾರು ಬರೀ ಬಂಡೆ. ಹತ್ತನೆಯ ಮಾರಿನಲ್ಲಿ ದೀಪ ಇಡಲೆಂದು ಅಂಗೈಯಗಲದ ಗೂಡನ್ನು ಉಳಿಯಿಂದ ಕೊರೆದುಕೊಂಡಿದ್ದ. ನೀರು ಬರಲಿಲ್ಲ. ಆಗ ಲೈಕಿಸ್ಕೋಸನ ಅಪ್ಪ ತಾನೇ ಬಂದು ಹಗ್ಗ ಬಿಟ್ಟು ಅಳೆದ. ಅವನ ಹೆಂಡತಿ ಲಿಸಿಲ್ಲಾ ಹಗ್ಗದ ಈ ತುದಿ ಹಿಡಿದು ಎಣಿಸಿದಳು. ಹತ್ತು ಮಾರು. "ನಮ್ಮನೆ ಬಾವಿ ನಿಂದೇ ಅಂದ್ಕೊ" ಎಂದ ಆ ಮನುಷ್ಯ, ಸಾಯುವವರೆಗೆ ಮಾತಿಗೆ ತಪ್ಪಲಿಲ್ಲ. ಅವನು ಸತ್ತದ್ದು ಹೋದ ಚಳಿಗಾಲ. ಅದಕ್ಕೂ ಮುಂಚಿನ ಮಳೆಯಲ್ಲಿ ಒಣಬಾವಿಯ ಮೇಲಿನ ಮಣ್ಣು ಕುಸಿದು ಕೆಳಗಿನ ಎರಡು ಮಾರು ತುಂಬಿಕೊಂಡಿತ್ತು. ನೀರಿಲ್ಲದ ಬಾವಿಯ ಹೂಳು ಯಾರು ತೆಗೆಯುತ್ತಾರೆ?

"ಕುಸಿದೈತೆ ಕಣಪ್ಪಾ. ಇಳಿದು ತೆಗೆದು ತೋರಿಸ್ತೀನಿ. ತಳದಲ್ಲಿ ನನ್ನ ದೀಪದ ಗೂಡೈತೆ."

"ತೋರಿಸೋದೆಲ್ಲ ನ್ಯಾಯಸ್ಥಾನದಲ್ಲಿ ತೋರಿಸು ಮಾವಾ. ನಾನು ಹೊಸದಾಗಿ ದ್ರಾಕ್ಷಿ ಹಾಕ್ತಾ ಇದೀನಿ. ನಿನ್ನ ಬೆಳ್ಳುಳ್ಳಿಗೆ ಸುರಿಯೋಕೆ ನಮ್ಮಪ್ಪ ಬಾವಿ ಕಟ್ಟಿಸ್ಲಿಲ್ಲ."

ಹಿತ್ತಲ ಬಾಗಿಲಲ್ಲಿ ಲಿಸಿಲ್ಲಾ ನಿಂತಿದ್ದಳು. "ಲೋ, ಹಗ್ಗ ಹಿಡಿದೋಳು ನಾನು ಕಣೋ. ಹತ್ತು ಅಂತ ಎಣಿಸಿದ ಬಾಯಿ ಇದೇ."

"ನೀನು ಒಳಗೆ ಹೋಗವ್ವಾ."

ಸ್ಮಿಕ್ರಿಯಾಸನದು ನಾಲ್ಕು ಪಾತಿ ಬೆಳ್ಳುಳ್ಳಿ, ಎರಡು ಪಾತಿ ಈರುಳ್ಳಿ, ಒಂದಿಷ್ಟು ಕೋಸು. ಗಂಡ ಹೆಂಡಿರ ಹೊಟ್ಟೆಬಟ್ಟೆ ಅದೇ. ಊರಿಗೆ ಹತ್ತಿರದ ಒರತೆಗೆ ಹೋಗಿ ಬರಲು ಅರ್ಧ ಮುಂಜಾನೆ ಬೇಕು. ಆ ಬಾವಿಯ ನೀರು ನಿಂತರೆ ತೋಟ ಸತ್ತಂತೆಯೇ. ದೂರು ಕೊಟ್ಟ. ಊರಿನ ಪಂಚಾಯಿತಿಗೆ ನಿಂತವನು ಇಬ್ಬರ ಮಾತೂ ಕೇಳಿ, ತಲೆ ಕೆರೆದುಕೊಂಡು, ವ್ಯಾಜ್ಯವನ್ನು ಪಟ್ಟಣಕ್ಕೆ ಕಳಿಸಿದ.

ಅಥೆನ್ಸಿನ ನ್ಯಾಯಸ್ಥಾನದಲ್ಲಿ ಅವರವರ ಮಾತು ಅವರವರೇ ಆಡಬೇಕು. ಬಾರದವರು ಬರೆಸಿಕೊಂಡು ಬಾಯಿಪಾಠ ಮಾಡಬೇಕು. ಸ್ಮಿಕ್ರಿಯಾಸನಿಗೆ ಅಕ್ಷರವೆಂದರೆ ತನ್ನ ಹೆಸರಿನಷ್ಟೇ. ಎರಡು ಆಡುಗಳನ್ನು ಹೊಡೆದುಕೊಂಡು ಪಟ್ಟಣಕ್ಕೆ ಹೋಗಿ, ಚಮ್ಮಾರರ ಸಾಲಿನ ಹಿಂದಿದ್ದ ಫನಿಯಾಸ್ ಎಂಬ ಭಾಷಣ ಬರೆಯುವವನ ಮನೆಯಂಗಳದಲ್ಲಿ ಕಟ್ಟಿ, ನಡೆದದ್ದನ್ನೆಲ್ಲ ಹೇಳಿದ. ಫನಿಯಾಸ್ ಕಣ್ಣುಮುಚ್ಚಿ ಕೇಳಿದ.

"ಮುಗೀತಾ ಯಜಮಾನ್ರೇ? ಈಗ ಇದನ್ನೆಲ್ಲ ಮರೆತುಬಿಡಿ."

"ಮರೀಬೇಕಾ? ಇದು ನಿಜ ಅಲ್ವಾ ಸ್ವಾಮಿ?"

"ನಿಜಾನೇ. ಆದ್ರೆ ನಿಜ ಬೇರೆ, ಹೌದು ಅನ್ನಿಸೋದು ಬೇರೆ. ತೀರ್ಪು ಕೊಡೋಕೆ ಇನ್ನೂರ ಒಂದು ಜನ ಕೂತಿರ್ತಾರೆ. ಅವರಲ್ಲಿ ಒಬ್ಬನೂ ನಿಮ್ಮೂರಿಗೆ ನಡ್ಕೊಂಡು ಬಂದು ಬಾವಿಗೆ ಬಗ್ಗಿ ನೋಡಲ್ಲ. ದೀಪದ ಗೂಡು ಅಂದ್ರೆ ‘ಕಥೆ ಹೇಳ್ತಾನೆ ಮುದುಕ’ ಅಂತಾರೆ."

"ಹಂಗಾದ್ರೆ ಮೊದಲೇ ಹೂಳು ತೆಗೀತೀನಿ. ಹತ್ತು ದಿನ ಸಾಕು."

"ಅಯ್ಯಯ್ಯೋ, ಮುಟ್ಟಬೇಡಿ! ಈಗ ತೆಗೆದ್ರೆ ‘ಎಂಟಿತ್ತು, ಹೊಸದಾಗಿ ಎರಡು ತೋಡಿದ’ ಅಂತಾನೆ ಅವನು."

"ಲಿಸಿಲ್ಲಾ ಕಣ್ಣಾರೆ ಕಂಡವಳೆ."

"ಹೆಂಗಸಿನ ಸಾಕ್ಷಿ ಇಲ್ಲಿ ನಡೆಯಲ್ಲ. ಆಕೆ ಪರವಾಗಿ ಆಕೆ ಯಜಮಾನ ಮಾತಾಡಬೇಕು. ಗಂಡ ಸತ್ತ ಮೇಲೆ ಯಜಮಾನ ಯಾರು? ಮಗ. ಮಗ ಯಾರು? ನಿಮ್ಮ ಎದುರಾಳಿ."

"ಈ ಕಾನೂನು ಮಾಡ್ದೋನು ಯಾವ ಹೆಂಗಸಿನ ಹೊಟ್ಟೇಲಿ ಹುಟ್ಟಿದ್ದ ಸ್ವಾಮಿ?" ಎಂದ ಸ್ಮಿಕ್ರಿಯಾಸ್.

ಫನಿಯಾಸ್ ನಕ್ಕ. ನಮ್ಮೂರಿನ ಹುಳಿತ ದ್ರಾಕ್ಷಾರಸಕ್ಕೂ ನಮ್ಮೂರವರ ನಾಲಗೆಗೂ ಒಂದೇ ರುಚಿ ಎಂದು ಪಟ್ಟಣದವರು ಆಡಿಕೊಳ್ಳುವುದುಂಟು. "ಈ ನಾಲಗೇನ ಅಲ್ಲಿ ಹೊರಗೆ ತೆಗೀಬೇಡಿ. ಅಲ್ಲಿ ನೀವು ಪಾಪದ ಮುದುಕ. ಮೊದಲು, ‘ಮಹನೀಯರೇ, ನನಗೆ ಮಾತು ಬಾರದು, ನ್ಯಾಯಸ್ಥಾನದ ಮೆಟ್ಟಿಲು ಹತ್ತಿದವನಲ್ಲ’ ಅನ್ನೋದು. ಎರಡನೇದು, ಅವನು ಏನು ಹೇಳಬಹುದೋ ಅದನ್ನ ನೀವೇ ಮೊದಲು ಹೇಳಿ ಮುರಿಯೋದು. ಮೂರನೇದು, ಅವನು ಜೂಜುಕೋರ ಅನ್ನೋದನ್ನ ನಾವು ಹೇಳಲ್ಲ."

"ಅವನು ಜೂಜಾಡಲ್ಲ."

"ಅದಕ್ಕೇ ಹೇಳಲ್ಲ. ‘ಅವನ ಜೂಜಿನ ವಿಷಯ ನಾನಿಲ್ಲಿ ಎತ್ತುವುದಿಲ್ಲ’ ಅಂತೀವಿ, ಅಷ್ಟೇ."

"ಎತ್ತಲ್ಲ ಅಂತ ಹೇಳಿ ಎತ್ತೋದಾ? ನಮ್ಮೂರಲ್ಲಿ ಇದಕ್ಕೆ ಸುಳ್ಳು ಅಂತೀವಿ."

"ಇಲ್ಲಿ ಇದಕ್ಕೆ ಕಲೆ ಅಂತೀವಿ." ಫನಿಯಾಸನಿಗೆ ಕೋಪ ಬರಲಿಲ್ಲ. "ಕೊನೇಲಿ ಕಣ್ಣೀರು. ನಿಮ್ಮ ಕೈ ತೋರಿಸಿ... ಆಹಾ, ಗಂಟು ಗಂಟು, ಚೆನ್ನಾಗಿವೆ. ‘ಈ ಕೈಗಳನ್ನು ನೋಡಿ, ಇವು ತುಂಬಿದ ಕೊಡ ಎತ್ತಲಾರವು, ಈ ಮೊಣಕಾಲುಗಳನ್ನು ನೋಡಿ, ಇವು ಒರತೆಯವರೆಗೆ ಹೋಗಲಾರವು.’ ಆಮೇಲೆ ನಿಮ್ಮ ನರೆತ ತಲೆ, ಒಟ್ಟು ಮೂರು ಸಲ ‘ನೋಡಿ’ ಬರಬೇಕು. ಎರಡು ಸಲ ಅಂದ್ರೆ ಸಾಲದು, ನಾಲ್ಕು ಅಂದ್ರೆ ನಗ್ತಾರೆ."

"ಸ್ವಾಮಿ, ನಾನು ದಿನಾ ತುಂಬಿದ ಕೊಡ ಎತ್ತತೀನಿ."

"ಒಂದೇ ಒಂದು ದಿನ ಎತ್ತಬೇಡಿ."

ಬೇಸಿಗೆ ಹೋಯಿತು, ಚಳಿಗಾಲ ಹೋಯಿತು. ನೀರಿಗೆ ಒರತೆಯೇ ಆಯಿತು. ಸ್ಮಿಕ್ರಿಯಾಸ್ ಕತ್ತೆಯ ಹಿಂದೆ ನಡೆಯುತ್ತ, ಪಾತಿ ಕೆತ್ತುತ್ತ, ಫನಿಯಾಸ್ ಓದಿ ಓದಿ ಬಾಯಿಗೆ ಹಾಕಿದ್ದ ಭಾಷಣವನ್ನು ಉರು ಹೊಡೆದ. ಬೆಳ್ಳುಳ್ಳಿ ಜಡೆ ಹೆಣೆದಂತೆ ಒಂದು ವಾಕ್ಯದ ಬಾಲ ಇನ್ನೊಂದರ ಕುತ್ತಿಗೆಗೆ ಸಿಕ್ಕಿಸಿಯೇ ಅವನಿಗೆ ನೆನಪು. ನಿಕರೆತೆ ಕಳೆ ಕೀಳುತ್ತ ಕೇಳುತ್ತಿದ್ದಳು.

"ಯಾರ್ರೀ ಈ ಮುದುಕ?" ಎಂದಳು ಒಂದು ದಿನ.

"ಯಾವ ಮುದುಕ?"

"ಕೊಡ ಎತ್ತಲಾರದೋನು, ನಡೀಲಾರದೋನು. ನನ್ನ ಗಂಡನ ಬದಲು ಯಾರನ್ನೋ ಕಳಿಸ್ತಾ ಇದೀರಲ್ಲ ಪಟ್ಟಣಕ್ಕೆ. ಬಾವಿ ತೋಡ್ದೋನು ಮನೇಲೇ ಇರ್ತಾನೇನು?"

"ಸುಮ್ನಿರೇ, ಕೊಂಡಿ ತಪ್ಪಿಹೋಗ್ತದೆ" ಎಂದು ಗದರಿದ. ಆದರೆ ಮಾತು ಎದೆಯೊಳಗೆ ಮುಳ್ಳಾಯಿತು. ಫನಿಯಾಸನಿಗೆ ಹೋಗಿ ಹೇಳಬೇಕೆಂದುಕೊಂಡ. ಓದಿದವರಿಗೆ ನಾನು ಹೇಳುವುದೇ ಎಂದು ಬಿಟ್ಟ. ಹಾಗೆ ಬಿಟ್ಟದ್ದು ಅವನ ತಪ್ಪು.

ವಸಂತದ ಮುನಿಖಿಯೋನ್ ತಿಂಗಳಲ್ಲಿ ವ್ಯಾಜ್ಯ ವಿಚಾರಣೆಗೆ ಬಂತು. ನ್ಯಾಯಸ್ಥಾನದ ನಡುವೆ ಎತ್ತರದ ಕಲ್ಲಿನ ಮೇಲೆ ಒಂದು ಗಡಿಗೆ, ಅದರ ಬುಡದಲ್ಲೊಂದು ಸಣ್ಣ ತೂಬು, ಕೆಳಗೆ ಇನ್ನೊಂದು ಗಡಿಗೆ. ಮಾತಾಡುವವನಿಗೆ ನೀರೇ ಅಳತೆ. ಇಂಥ ವ್ಯಾಜ್ಯದಲ್ಲಿ ಇಬ್ಬರಿಗೂ ಒಂದೊಂದೇ ಸರದಿ, ಆರಾರು ತಂಬಿಗೆ. ನೀರಿನ ಆಳು ತಂಬಿಗೆ ಎಣಿಸಿ ಸುರಿಯುತ್ತಿದ್ದಾಗ ಸ್ಮಿಕ್ರಿಯಾಸನ ಕಣ್ಣು ಅದರ ಮೇಲೆಯೇ ಇತ್ತು. ತೂಬಿನ ಬಿರಟೆ ತೆಗೆದರು.

ಆರಂಭ ಚೆನ್ನಾಗಿಯೇ ಆಯಿತು. ಮಾತು ಬಾರದವನೆಂಬ ಮಾತು ಸರಾಗ ಬಂತು. ಜೂಜಿನ ವಿಷಯ ಎತ್ತುವುದಿಲ್ಲ ಎಂಬಲ್ಲಿ ನಾಲಗೆ ತೊದಲಿತು. ಜನ ಅದನ್ನು ಸಂಕೋಚವೆಂದುಕೊಂಡು ತಲೆದೂಗಿದರು. ಹತ್ತು ಮಾರು ತೋಡಿದೆ ಎಂದ. ಆಮೇಲೆ ಕೈಗಳನ್ನು ಮೇಲೆತ್ತಿದ.

"ಈ ಕೈಗಳನ್ನು ನೋಡಿ ಮಹನೀಯರೇ, ಇವು ತುಂಬಿದ ಕೊಡ ಎತ್ತಲಾರವು. ಈ ಮೊಣಕಾಲುಗಳನ್ನು ನೋಡಿ, ಎಳವೆಯಿಂದಲೂ ಇವು ಬಲವಿಲ್ಲದವು..."

"ಎಳವೆಯಿಂದಲೂ" ಎಂಬುದು ಫನಿಯಾಸ್ ಕಡೆಯ ಗಳಿಗೆಯಲ್ಲಿ ಸೇರಿಸಿದ ಚಂದ. ಮೂರನೆಯ ಬೆಂಚಿನಿಂದ ಒಬ್ಬ ಮೀನುಗಾರ ಎದ್ದು ಕೂಗಿದ:

"ಹಂಗಾದ್ರೆ ಹತ್ತು ಮಾರು ತೋಡಿದೋರ್ಯಾರಜ್ಜಾ? ನಿಮ್ಮಜ್ಜೀನಾ?"

ಇನ್ನೂರು ಜನ ಗೊಳ್ಳೆಂದು ನಕ್ಕರು. "ಇಲಿ ತೋಡಿರಬೇಕು!" ಎಂದ ಇನ್ನೊಬ್ಬ. ಸ್ಮಿಕ್ರಿಯಾಸ್ ಬಾಯಿ ತೆರೆದ. ಮೂರನೆಯ "ನೋಡಿ" ಸಿಗಲಿಲ್ಲ. ಜಡೆಯಿಂದ ಒಂದು ಗಡ್ಡೆ ಕಿತ್ತರೆ ಉಳಿದವೆಲ್ಲ ಉದುರುವಂತೆ ಏಳೆಂಟು ತಿಂಗಳು ಹೆಣೆದ ಭಾಷಣ ಪೂರ್ತಿ ಉದುರಿಹೋಯಿತು. ನೀರು ಸುರಿಯುತ್ತಲೇ ಇತ್ತು. ನಗು ನಿಂತಿತು. ಸುಮಾರು ಒಂದು ತಂಬಿಗೆ ಹಾಗೆಯೇ ಹೋಯಿತು.

ಆಮೇಲೆ ಅವನಿಗೆ ಸಿಟ್ಟು ಬಂತು. ಫನಿಯಾಸನ ಮೇಲೆ, ಲೈಕಿಸ್ಕೋಸನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬೇರೆಯವನ ಮಾತಿಗೆ ತನ್ನ ಕೈಕಾಲು ಕೊಟ್ಟ ತನ್ನ ಮೇಲೆ.

"ನಾನೇ ತೋಡ್ದೋನು ಕಣ್ರಪ್ಪಾ" ಎಂದ. ದನಿ ಈಗ ಅವನದೇ. "ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಇವತ್ತು ಮುಂಜಾನೆ ಊರಿಂದ ಇಲ್ಲಿಗೆ ನಡ್ಕೊಂಡೇ ಬಂದೆ. ಕೊಡಾನೂ ಎತ್ತತೀನಿ, ಬೇಕಾದ್ರೆ ಆ ಕೂಗಿದ ಅಣ್ಣನ್ನೂ ಎತ್ತತೀನಿ. ಲೈಕಿಸ್ಕೋಸ್ ಜೂಜುಕೋರ ಅಂದೆ, ಅಲ್ಲ. ಅದು ಸುಳ್ಳು. ಇಪ್ಪತ್ತಾರು ವರ್ಷದ ಹಿಂದೆ ತೋಡ್ದೆ. ಹತ್ತನೇ ಮಾರಲ್ಲಿ ಬಂಡೆ ಕೊರೆದು ದೀಪ ಇಟ್ಟಿದ್ದೆ. ಗೂಡು ಹೂಳಿನ ಅಡಿ ಐತೆ, ಯಾರಾದ್ರೂ ಒಬ್ರು ಬನ್ನಿ, ತೆಗೆದು ತೋರಿಸ್ತೀನಿ. ಹಗ್ಗ ಹಿಡಿದು ಎಣಿಸಿದ ತಾಯಿ ಬದುಕವ್ಳೆ, ಆಕೆ ಮಾತು ನಿಮಗೆ ಲೆಕ್ಕಕ್ಕಿಲ್ಲ." ಅವನು ಗಡಿಗೆಯ ಕಡೆ ಕೈ ತೋರಿಸಿದ. "ನನ್ನ ಸುಳ್ಳು ಕೇಳೋಕೆ ನೀವು ಇಷ್ಟು ನೀರು ಸುರಿದ್ರಿ. ಆರು ತಂಬಿಗೆ. ನಾನು ಕೇಳ್ತಿರೋದೂ ಅಷ್ಟೇ ಕಣ್ರಪ್ಪಾ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ನೀವು ಇಲ್ಲಿ ಮಾತಿಗೆ ಸುರೀತೀರಿ, ನಾನು ಬೆಳ್ಳುಳ್ಳಿಗೆ..."

ತೂಬು ಬತ್ತಿತು. ಆಳು ಕೈ ಎತ್ತಿದ. ಸ್ಮಿಕ್ರಿಯಾಸ್ ಅರ್ಧ ಮಾತಿನಲ್ಲೇ ನಿಲ್ಲಬೇಕಾಯಿತು. ಬೆಂಚುಗಳಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಕೂಗಿದ ಮೀನುಗಾರ ಕೂಡ ತಲೆ ತಗ್ಗಿಸಿದ್ದ. ಸ್ಮಿಕ್ರಿಯಾಸ್ ಗೆದ್ದ ಎಂದೇ ಎಲ್ಲರಿಗೂ ಅನ್ನಿಸಿತ್ತು.

ಲೈಕಿಸ್ಕೋಸನ ಗಡಿಗೆಗೆ ನೀರು ಸುರಿದರು. ಅವನೂ ಬರೆಸಿಕೊಂಡೇ ಬಂದಿದ್ದ, ಬೇರೆ ಯಾರಲ್ಲೋ. ಆದರೆ ಜಾಣ. ಬರೆಸಿದ್ದನ್ನು ಬದಿಗಿಟ್ಟು ನಿಧಾನವಾಗಿ ಮಾತೆತ್ತಿದ.

"ಮಹನೀಯರೇ, ನಿಮ್ಮ ಕಣ್ಣು ಒದ್ದೆಯಾಗಿದ್ದನ್ನು ಕಂಡೆ. ನನ್ನದೂ ಆಯಿತು. ಒಂದೇ ಪ್ರಶ್ನೆ. ಮಾತು ಬಾರದ ಮುದುಕ, ಭಾಷಣ ಮರೆತ ಮುದುಕ, ಇದ್ದಕ್ಕಿದ್ದಂತೆ ಆರು ತಂಬಿಗೆ ನೀರಿಗೂ ಆರು ತಂಬಿಗೆ ಕೊಡಕ್ಕೂ ಇಷ್ಟು ಚೆನ್ನಾಗಿ ಗಂಟು ಹಾಕಿದನಲ್ಲ, ಇದು ಬೆಳ್ಳುಳ್ಳಿ ಪಾತಿಯಲ್ಲಿ ಹುಟ್ಟಿದ ಮಾತೇ? ಭಾಷಣ ಬರೆಯುವವರ ಗೂಟಕ್ಕೆ ಅವನ ಎರಡು ಆಡು ಕಟ್ಟಿದ್ದನ್ನು ನಮ್ಮೂರು ಕಂಡಿದೆ. ಮರೆತಂತೆ ನಟಿಸುವುದು, ‘ಇಲ್ಲಿಯವರೆಗೆ ಸುಳ್ಳಾಡಿದೆ, ಈಗ ನಿಜ’ ಎನ್ನುವುದು, ಇದಕ್ಕಿಂತ ಹಳೆಯ ಕಸುಬು ಯಾವುದಿದೆ? ಅವನೇ ಒಪ್ಪಿದ್ದಾನೆ ಸುಳ್ಳಾಡಿದೆನೆಂದು. ಅದೊಂದು ಮಾತನ್ನು ನಾನು ನಂಬುತ್ತೇನೆ. ನೀವೂ ನಂಬಿ."

ಅಷ್ಟೇ. ಅರ್ಧದಷ್ಟು ನೀರನ್ನು ಅವನು ಹಾಗೆಯೇ ಬಿಟ್ಟ. ಅದೂ ಒಂದು ವರಸೆಯೇ. ಉಳಿಸುವವನು ಪ್ರಾಮಾಣಿಕನಂತೆ ಕಾಣುತ್ತಾನೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೋಸಹೋಗಿಬಿಟ್ಟೆವಲ್ಲ ಎಂದು ನಾಚಿದವನ ಸಿಟ್ಟು ಮೋಸ ಮಾಡಿದವನ ಮೇಲೆ ತಿರುಗುತ್ತದೆ, ಮೋಸ ನಡೆದಿರಲಿ ಬಿಡಲಿ. ಮತದ ಬಿಲ್ಲೆಗಳು ಬಿದ್ದವು. ಸ್ಮಿಕ್ರಿಯಾಸನಿಗೆ ತೊಂಬತ್ತನಾಲ್ಕು, ಲೈಕಿಸ್ಕೋಸನಿಗೆ ನೂರ ಏಳು.

ಒಬ್ಬ ಮನುಷ್ಯನ ಸುಳ್ಳನ್ನು ತಲೆದೂಗಿ ಕೇಳಿದರು, ನಿಜ ಹೇಳಿದಾಗ ಕಸುಬುದಾರಿಕೆ ಎಂದರು. ಹೊರಗೆ ಬಂದ ಸ್ಮಿಕ್ರಿಯಾಸನಿಗೆ ಕಾಲ ಕೆಳಗಿನ ಕಲ್ಲುಗಳೂ ನಿಜವೋ ಬರೆಸಿಟ್ಟವೋ ತಿಳಿಯದಂತಾಗಿತ್ತು. ಫನಿಯಾಸ್ ಓಡಿಬಂದು ಅವನ ತೋಳು ಹಿಡಿದ. ಮುಖದಲ್ಲಿ ದುಃಖವಿರಲಿಲ್ಲ.

"ಯಜಮಾನ್ರೇ, ಆ ಗಡಿಗೆ ತೋರಿಸಿದ್ರಲ್ಲ, ಅದು ಎಲ್ಲಿತ್ತು ಇಷ್ಟು ದಿನ? ಮೊದಲೇ ಹೇಳಿದ್ರೆ ಸರಿಯಾದ ಜಾಗದಲ್ಲಿ ಕೂರಿಸ್ತಿದ್ದೆ. ಮುಂದಿನ ತಿಂಗಳು ಬೇರೊಬ್ಬರದು ಬಾವಿ ವ್ಯಾಜ್ಯ ಇದೆ. ನಿಮಗೆ ಬೇಜಾರಿಲ್ಲ ಅಂದ್ರೆ..."

"ಆಡು ಕೊಡು" ಎಂದ ಸ್ಮಿಕ್ರಿಯಾಸ್.

"ಏನು?"

"ನನ್ನ ಎರಡು ಆಡು."

"ಒಂದನ್ನ ಹಬ್ಬಕ್ಕೆ ಕೊಯ್ದಾಯ್ತಲ್ಲ..."

"ಇನ್ನೊಂದು ಕೊಡು. ತಿಂದಿದ್ದು ನನ್ನ ಮೊಣಕಾಲಿನ ಬಾಬ್ತು ಅಂದ್ಕೊ. ಉಳಿದಿದ್ದು ನನ್ನ ನಾಲಗೇದು, ಅದನ್ನ ನಿಂಗೆ ಮಾರಿಲ್ಲ."

ಫನಿಯಾಸ್ ಏನೆಂದುಕೊಂಡನೋ, ಕೊಟ್ಟುಬಿಟ್ಟ. ಸ್ಮಿಕ್ರಿಯಾಸ್ ಆಡಿನ ಹಗ್ಗ ಹಿಡಿದು ಸಂಜೆಯೊಳಗೆ ಊರು ಸೇರಿದ. ಹೆಂಡತಿಗೆ, "ಸೋತೆ. ನೀನು ಹೇಳಿದ್ದೇ ಸರಿ, ಬೇರೆ ಯಾರನ್ನೋ ಕಳಿಸಿದ್ದೆ" ಎಂದ. ಅವಳು ರೊಟ್ಟಿ, ಆಲಿವ್ ಮುಂದಿಟ್ಟಳು.

ಮಾರನೆಯ ದಿನ ಬೆಳಿಗ್ಗೆ ಅವನು ಸೊಂಟಕ್ಕೆ ಹಗ್ಗ ಬಿಗಿದು ಒಣಬಾವಿಗೆ ಇಳಿದ. ನಿಕರೆತೆ ಮೇಲೆ ಬುಟ್ಟಿ ಎಳೆಯಲು ನಿಂತಳು. ದಾರಿಯಲ್ಲಿ ಹೋಗುವವರು ನಿಂತು ಕೇಳಿದರು. "ತೀರ್ಪು ಆಗಿಹೋಯ್ತಲ್ಲೋ ಸ್ಮಿಕ್ರಿಯಾಸ್, ಇನ್ಯಾಕೆ?" ಕೆಳಗಿನಿಂದ ದನಿ ಬರುತ್ತಿತ್ತು: "ಸುಳ್ಳುಗಾರ ಅನ್ನಿಸ್ಕೊಂಡು ಎಷ್ಟು ದಿನ ಉಣ್ಣಲಿ?" ಎಂಟು ದಿನ ಮಣ್ಣು ಬಂತು. ಒಂಬತ್ತನೆಯ ದಿನ ಬುಟ್ಟಿ ಬರಲಿಲ್ಲ, ನಿಕರೆತೆಯನ್ನು ಕೂಗಿ ದೀಪ ಕೇಳಿದ. ಹಚ್ಚಿದ ದೀಪವನ್ನು ಅವಳು ಬುಟ್ಟಿಯಲ್ಲಿ ಇಳಿಬಿಟ್ಟಳು.

ಅರ್ಧ ಊರು ಬಂದು ಬಗ್ಗಿ ನೋಡಿತು. ತಳದ ಬಂಡೆಯಲ್ಲಿ ಅಂಗೈಯಗಲದ ಗೂಡು, ಅದರ ನೆತ್ತಿಯಲ್ಲಿ ಇಪ್ಪತ್ತಾರು ವರ್ಷದ ಹಳೆಯ ಮಸಿ, ಒಳಗೆ ದೀಪ. ಲಿಸಿಲ್ಲಾ ಕೋಲೂರಿಕೊಂಡು ಬಂದಳು. ತಾನೇ ಹಗ್ಗ ತಂದಿದ್ದಳು. ಒಂದು ತುದಿಯನ್ನು ಕೆಳಗೆ ಬಿಟ್ಟು, ಎಲ್ಲರಿಗೂ ಕೇಳುವಂತೆ ಎಣಿಸುತ್ತ ಎಳೆದುಕೊಂಡಳು. ಹತ್ತು. ಆಮೇಲೆ ಮಗನ ಕಡೆ ತಿರುಗಿದಳು.

"ಚಪ್ಪಡಿ ತೆಗಿಯೋ."

"ತೀರ್ಪು ಆಗಿದೆ ಅವ್ವಾ. ಒಂದೇ ವ್ಯಾಜ್ಯ ಎರಡು ಸಲ ನಡೆಯಲ್ಲ. ಕಾನೂನು."

"ನಾನು ಕಾನೂನು ಕೇಳಿಲ್ಲ. ನಿನ್ನ ಕಣ್ಣು ಏನು ಕಂಡಿತು ಅಂತ ಕೇಳ್ತಿದೀನಿ."

"ಮಾವ ಹೋದ ವಾರ ಕೊರೆದಿರಬಹುದು, ಮಸಿ ಬಳಿದಿರಬಹುದು. ಹೌದು ಅನ್ನಿಸಲ್ವಾ?" ಎಂದ ಲೈಕಿಸ್ಕೋಸ್. ಊರವರ ಮುಖ ನೋಡಿ ನಗಲು ಹೋದ. ಒಬ್ಬರೂ ನಗಲಿಲ್ಲ.

"ನಿಮ್ಮಪ್ಪನ ಬಾವೀಲಿ ನೀರು ಉಳೀತು, ನಿಮ್ಮಪ್ಪನ ಮಾತು ಉಳೀಲಿಲ್ಲ" ಎಂದಳು ಲಿಸಿಲ್ಲಾ. "ನನ್ನ ಬಾಯಿಗೆ ಯಜಮಾನ ನೀನಂತೆ. ಇಂಥ ಯಜಮಾನನ ಅನ್ನ ನನಗೆ ಬೇಡ."

ಚಪ್ಪಡಿ ಸರಿಯಲಿಲ್ಲ. ಒರತೆಯ ನೀರಿನಲ್ಲಿ ಬದುಕಿದ್ದು ಎರಡು ಪಾತಿ ಬೆಳ್ಳುಳ್ಳಿ ಮಾತ್ರ. ಉಳಿದ ನೆಲವನ್ನು ಸ್ಮಿಕ್ರಿಯಾಸ್ ಆಡಿಗೆ ಬಿಟ್ಟ. ಊರಿನಲ್ಲಿ ಯಾರೂ ಅವನನ್ನು ಮತ್ತೆ ಸುಳ್ಳುಗಾರ ಎನ್ನಲಿಲ್ಲ, ನೀರನ್ನೂ ಯಾರೂ ಕೊಡಿಸಲಿಲ್ಲ.

ಲಿಸಿಲ್ಲಾ ತವರಿಗೆ ಹೇಳಿಕಳಿಸಿದಳು. ಗಂಡ ಸತ್ತವಳು ತವರಿಗೆ ಮರಳುತ್ತೇನೆಂದರೆ ತಡೆಯುವ ಹಕ್ಕು ಮಗನಿಗಿಲ್ಲ; ಆ ಕಾನೂನೂ ಹಳೆಯದೇ. ತವರೂರು ಪಯಾನಿಯಾದಿಂದ ಅವಳ ತಮ್ಮ ಹೇಸರಗತ್ತೆಯ ಗಾಡಿ ಹೂಡಿಕೊಂಡು ಬಂದ. ಮಗ ಬಾಗಿಲಲ್ಲಿ ನಿಂತು, "ಅವ್ವಾ, ಊರು ಏನಂತದೆ?" ಎಂದ. ಅವಳು ಮಗ್ಗದ ಕೋಲುಗಳನ್ನೂ ಹಾಸಿಗೆಯನ್ನೂ ಗಾಡಿಗೆ ಏರಿಸಿದಳು, ನಿಕರೆತೆಯನ್ನು ತಬ್ಬಿಕೊಂಡಳು, ಹತ್ತಿ ಕೂತಳು. ವ್ಯಾಜ್ಯದ ಮರುತಿಂಗಳು ಥಾರ್ಗೇಲಿಯೋನಿನ ಕಡೆಯ ದಿನ ಅದು, ಹಳೇ ಚಂದ್ರ ಹೋಗಿ ಹೊಸದು ಬರುವ ದಿನವನ್ನು ನಾವು ಹಳೇ-ಹೊಸ ದಿನ ಎನ್ನುತ್ತೇವಲ್ಲ, ಅವತ್ತು ಲಿಸಿಲ್ಲಾ ಮಗನ ಮನೆ ಬಿಟ್ಟು ಹೋದಳು.